ಏನಿಲ್ಲ, ಸುಮ್ಮನೆ ಲೋಕಾಭಿರಾಮ

ಕಳೆದ ವರ್ಷ ಆಷಾಢದ ಒಂದು ಸಂಜೆ, ಕಚೇರಿಯಿಂದ ಬಂದು ಬೂಟಿನ ದಾರ ಬಿಚ್ಚುತ್ತಿದ್ದಾಗ ಊರಿನಿಂದ ಸೋದರಮಾವನ ಫೋನ್ ಬಂತು. ಎರಡೂ ಕೈ ಬೂಟಿನ ಮೇಲಿದ್ದುದರಿಂದ ಸ್ಪೀಕರ್ ಹಾಕಿದೆ. "ಹೇಳು ಮಾವ, ಏನು ವಿಷಯ?" ಎಂದೆ. ಆ ಕಡೆಯಿಂದ ಒಂದು ಗಳಿಗೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಮಾತ್ರ ಕೇಳಿಸಿತು. "ವಿಷಯ ಏನೂ ಇಲ್ಲ ಮಾರಾಯ. ಸುಮ್ಮನೆ, ಲೋಕಾಭಿರಾಮವಾಗಿ ಮಾಡಿದೆ" ಎಂದ. ಮಳೆ ಹೇಗಿದೆ ಎಂದು ಕೇಳಿದೆ, ಹೇಳಿದ. ಮಗಳ ಶಾಲೆ ಹೇಗೆ ನಡೆದಿದೆ ಎಂದು ಕೇಳಿದ, ಹೇಳಿದೆ. ಪೇಪರಿನವರು ಈಗೀಗ ಅಕ್ಷರ ತೀರಾ ಸಣ್ಣದು ಮಾಡಿದ್ದಾರೆ, ಓದುವುದನ್ನೇ ಬಿಟ್ಟಿದ್ದೇನೆ ಎಂದ. ನಾನು ಹೂಂ ಎಂದೆ. ಮತ್ತೇನು ಎಂದೆ. ಮತ್ತೇನೂ ಇಲ್ಲ ಎಂದ. ನಾಲ್ಕು ನಿಮಿಷಕ್ಕೆ ಮಾತು ಮುಗಿಯಿತು.

ಪಕ್ಕದಲ್ಲಿ ಹೋಂವರ್ಕ್ ಹರಡಿಕೊಂಡು ಕುಳಿತಿದ್ದ ಮಗಳು ತಲೆ ಎತ್ತಿದಳು. "ಅಪ್ಪಾ, ಲೋಕಾಭಿರಾಮ ಯಾರು?"

ನಕ್ಕುಬಿಟ್ಟೆ. ಅದು ಯಾರೂ ಅಲ್ಲ, ಸುಮ್ಮನೆ ಅದೂ ಇದೂ ಮಾತನಾಡುವುದಕ್ಕೆ ಹಾಗೆನ್ನುತ್ತಾರೆ ಎಂದು ಹೇಳಿ ಸ್ನಾನಕ್ಕೆ ಹೋದೆ. ನೀರು ಹೊಯ್ದುಕೊಳ್ಳುವಾಗ ಹೊಳೆಯಿತು: ಅವಳು ಕೇಳಿದ್ದೇ ಸರಿ. ಲೋಕಾಭಿರಾಮ ನಿಜವಾಗಿ ಒಬ್ಬನ ಹೆಸರು.

ಅಜ್ಜನ ಮನೆ ಇದ್ದದ್ದು, ಈಗ ಮಾವ ಇರುವುದು, ಸಾಗರ–ಸಿದ್ದಾಪುರದ ಸೀಮೆಯಲ್ಲಿ, ಅಡಿಕೆ ತೋಟದ ತಲೆಯ ಮೇಲೆ. ರಜೆಯಲ್ಲಿ ಅಲ್ಲಿಗೆ ಹೋದ ಮಕ್ಕಳಿಗೆಲ್ಲ ಒಂದು ಶಿಕ್ಷೆ ಕಾಯಂ. ದೀಪ ಹಚ್ಚಿದ ಮೇಲೆ ದೇವರ ಕೋಣೆಯ ಬಾಗಿಲಲ್ಲಿ ಸಾಲಾಗಿ ಕುಳಿತು ಬಾಯಿಪಾಠ ಹೇಳಬೇಕು. ಎಲ್ಲ ಮುಗಿದು ಕೊನೆಗೆ ಬರುವ ಶ್ಲೋಕಕ್ಕೆ ನಮ್ಮ ದನಿ ತಾನಾಗಿ ಏರುತ್ತಿತ್ತು, ಏಕೆಂದರೆ ಅದಾದ ಮೇಲೆ ಊಟ: "ಆಪದಾಮಪಹರ್ತಾರಂ ದಾತಾರಂ ಸರ್ವಸಂಪದಾಂ, ಲೋಕಾಭಿರಾಮಂ ಶ್ರೀರಾಮಂ ಭೂಯೋ ಭೂಯೋ ನಮಾಮ್ಯಹಂ." ನಾವು ಒಳಗೆ ಲೋಕಾಭಿರಾಮನಿಗೆ ನಮಸ್ಕಾರ ಹೇಳುತ್ತಿದ್ದಾಗಲೇ ಹೊರಗೆ ಜಗುಲಿಯಲ್ಲಿ ಅಜ್ಜ ಯಾರೊಂದಿಗೋ ಲೋಕಾಭಿರಾಮವಾಗಿ ಮಾತನಾಡುತ್ತಾ ಕುಳಿತಿರುತ್ತಿದ್ದ. ಒಂದೇ ಗೋಡೆಯ ಆಚೆ ಈಚೆ ಇದ್ದ ಆ ಎರಡು ಒಂದೇ ಪದ ಎಂದು ಗೊತ್ತಾಗಲು ನನಗೆ ಇಷ್ಟು ವರ್ಷ ಬೇಕಾಯಿತು.

ಲೋಕಕ್ಕೆ ಅಭಿರಾಮನಾದವನು ಲೋಕಾಭಿರಾಮ, ಜಗತ್ತಿಗೆ ಹಿತವಾದವನು, ನೋಡಿದವರ ಮನಸ್ಸಿಗೆ ಮುದ ಕೊಡುವವನು. ರಾಮರಕ್ಷಾ ಸ್ತೋತ್ರದಲ್ಲಿ "ಲೋಕಾಭಿರಾಮಂ ರಣರಂಗಧೀರಂ" ಎಂದು ಎರಡು ಗುಣಗಳನ್ನು ಬೆನ್ನುಬೆನ್ನಿಗೆ ಹೇಳಿದ್ದಾರೆ. ನಮ್ಮ ಜಗುಲಿಯ ಮಾತೂ ಎಷ್ಟೋ ಸಲ ಮೊದಲನೆಯದರಲ್ಲಿ ಶುರುವಾಗಿ ಎರಡನೆಯದರಲ್ಲಿ ಮುಗಿಯುತ್ತಿತ್ತು, ಗಡಿಯ ಕಲ್ಲಿನ ವಿಚಾರ ಬಂದ ದಿನವಂತೂ ಖಂಡಿತ.

ದೇವರ ಕೋಣೆಯ ಪದವೊಂದು ಜಗುಲಿಗೆ ಬಂದು ಕಾಲು ಚಾಚಿ ಕೂರುವುದು ಕನ್ನಡದಲ್ಲಿ ಹೊಸತೇನಲ್ಲ. ಬೈದರೆ ಮಂಗಳಾರತಿ, ಇನ್ನೂ ಜೋರಾಗಿ ಬೈದರೆ ಸಹಸ್ರನಾಮ. ತನ್ನ ಬಗ್ಗೆಯೇ ಹೇಳಿಕೊಂಡರೆ ಪ್ರವರ. ಸುತ್ತಿ ಬಳಸಿ ಹೇಳಿದರೆ ಪುರಾಣ. ಮೋಸ ಮಾಡಿದರೆ ನಾಮ, ದುಡ್ಡು ಹೋದರೆ ಗೋವಿಂದ. ಏನು ಸೇರಿದರೆ ತೀರ್ಥ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಇವೆಲ್ಲವೂ ಪೂಜೆಯ ಮನೆಯಿಂದ ಬೀದಿಗೆ ಬರುವಾಗ ಮೈಲಿಗೆ ಮಾಡಿಕೊಂಡೇ ಬಂದಿವೆ, ಒಂದಿಷ್ಟು ವ್ಯಂಗ್ಯ ಮೆತ್ತಿಕೊಂಡಿವೆ. ಲೋಕಾಭಿರಾಮ ಮಾತ್ರ ಮಡಿಯಲ್ಲೇ ಬಂದಿತು. ಆ ಪದದಲ್ಲಿ ಯಾರನ್ನೂ ಚುಚ್ಚುವ ಮೊನೆಯಿಲ್ಲ. ತೆಲುಗಿನವರು ಇದೇ ಅರ್ಥಕ್ಕೆ ಲೋಕಾಭಿರಾಮಾಯಣಂ ಎನ್ನುತ್ತಾರೆ. ಅಭಿರಾಮನ ಬಾಲಕ್ಕೆ ರಾಮಾಯಣವನ್ನೇ ಕಟ್ಟಿದ್ದಾರೆ. ಮಾತು ಎಷ್ಟು ಉದ್ದ ಹೋಗಬಹುದು ಎಂಬ ಅಂದಾಜು ಅವರಿಗೆ ನಮಗಿಂತ ಚೆನ್ನಾಗಿರಬೇಕು.

ಪದದ ಬೇರು ಇನ್ನೂ ಸ್ವಾರಸ್ಯವಾಗಿದೆ. ಅಭಿರಾಮದ ಒಳಗಿರುವುದು ರಮ್ ಧಾತು. ಸಂಸ್ಕೃತದ ಧಾತುಪಾಠ ಇದಕ್ಕೆ ಕೊಡುವ ಅರ್ಥ 'ಕ್ರೀಡಾಯಾಂ', ಅಂದರೆ ಆಟ, ರಮಿಸುವುದು. ರಮ್ಯ, ರಮಣ, ಮನೋರಮ ಎಲ್ಲ ಇದರ ಮಕ್ಕಳೇ. ಆದರೆ ವೇದದ ಭಾಷೆಯಲ್ಲಿ ಇದೇ ಧಾತುವಿಗೆ ಇನ್ನೂ ಹಳೆಯ ಅರ್ಥವೊಂದಿದೆ: ನಿಲ್ಲುವುದು, ನಿಲ್ಲಿಸುವುದು, ತಂಗುವುದು. ಹಾಗಾಗಿಯೇ ವಿರಾಮ. ನಾವು ವಾಕ್ಯದ ಕೊನೆಗೆ ಇಡುವ ಪೂರ್ಣವಿರಾಮದಲ್ಲಿರುವುದೂ ಅದೇ ರಾಮ. ಹುಬ್ಬಳ್ಳಿ–ಧಾರವಾಡದ ಕಡೆ ಎದುರಾದವರನ್ನು ಆರಾಮ ಇದ್ದೀರಾ ಎಂದು ಕೇಳುತ್ತಾರಲ್ಲ, ಆ ಆರಾಮ ಪಾರಸಿಯ ದಾರಿಯಿಂದ ಬಂದದ್ದು. ಆದರೆ ಪಾರಸಿ, ಸಂಸ್ಕೃತ ಎರಡೂ ಒಂದೇ ವಂಶದವಾದ್ದರಿಂದ ಅದರ ಬೇರೂ ಇಲ್ಲಿಗೇ ಬಂದು ಸೇರುತ್ತದೆ. ನಿಂತರೆ ಸುಖ, ಸುಖವಾದರೆ ಆಟ: ಧಾತು ನಡೆದ ದಾರಿ ಇದು. ಮಾವನ ಫೋನಿಗೆ ನಾನು ಬೂಟಿನ ದಾರ ಎಳೆಯುತ್ತಲೇ ಉತ್ತರ ಕೊಟ್ಟೆ, ನಿಲ್ಲಲೇ ಇಲ್ಲ ಎಂಬುದು ಇಲ್ಲಿಗೆ ಬಂದಾಗ ಸ್ವಲ್ಪ ಚುಚ್ಚಿತು.

ಹಿಂದೆ ಇಂಥ ಪದಗಳ ಬಗ್ಗೆ ಅನುಮಾನ ಬಂದರೆ ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣಕ್ಕೆ ಒಂದು ಕಾರ್ಡು ಬರೆದರಾಗುತ್ತಿತ್ತು. ಜಿ. ವೆಂಕಟಸುಬ್ಬಯ್ಯನವರು ಬಿಡಿಸಿ ಹೇಳುತ್ತಿದ್ದರು. ಅವರು 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ಊರಿಗೆ ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು, ಮಾವ ಮೊದಲು ತೆರೆಯುತ್ತಿದ್ದುದು ಆ ಅಂಕಣವನ್ನೇ.

ಕನ್ನಡದಲ್ಲಿ ಹರಟುವುದಕ್ಕೆ ಪದಗಳ ಬರವಿಲ್ಲ. ಹರಟೆ ಅಚ್ಚ ದ್ರಾವಿಡ ಸರಕು. ಚೆನ್ನೈನ ಜೋಹೋ ಕಂಪನಿಯ 'ಅರಟ್ಟೈ' ಆ್ಯಪ್ 2025ರಲ್ಲಿ ದೊಡ್ಡ ಸುದ್ದಿಯಾದಾಗ ನಮ್ಮವರಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ತಮಿಳಿನ ಅರಟ್ಟೈ, ಕನ್ನಡದ ಹರಟೆ ಅಕ್ಕತಂಗಿಯರೆಂದು ಕಿವಿಗೇ ತಿಳಿಯುತ್ತದೆ. ಕರಾವಳಿ ಮಲೆನಾಡಿನಲ್ಲಿ ಪಟ್ಟಾಂಗ, ಬಯಲುಸೀಮೆಯ ಬಡಗಣ ಭಾಗದಲ್ಲಿ ಗಪ್ಪಾ. ಧಾರವಾಡದಲ್ಲಿ 1933ರಲ್ಲಿ ಹುಟ್ಟಿದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಸುಭಾಸ ರಸ್ತೆಯ ಅಟ್ಟದ ಮೇಲೆ ಸಾಹಿತಿಗಳು ಕುಳಿತು ಹರಟಿದ್ದೇ ಒಂದು ಸಾಹಿತ್ಯ ಚರಿತ್ರೆ. ಮಾತುಕತೆ ಎಂಬ ಒಳ್ಳೆಯ ಪದವೂ ಇತ್ತು, ಅದನ್ನು ಪತ್ರಿಕೆಗಳು ಗಡಿ ತಂಟೆಗೂ ಸಾರಿಗೆ ನೌಕರರ ಮುಷ್ಕರಕ್ಕೂ ಕೊಟ್ಟುಬಿಟ್ಟವು. ಈಗ ಮಾತುಕತೆ ನಡೆಯಿತು ಎಂದರೆ ವಿಫಲವಾಯಿತೋ ಫಲಪ್ರದವೋ ಎಂದು ಕೇಳಬೇಕಾಗುತ್ತದೆ.

ಇವುಗಳ ಕ್ರಿಯಾಪದಗಳನ್ನು ಗಮನಿಸಿ. ಹರಟೆ ಹೊಡೆಯುತ್ತಾರೆ. ಪಟ್ಟಾಂಗ ಹೊಡೆಯುತ್ತಾರೆ. ಗಪ್ಪಾ ಹೊಡೆಯುತ್ತಾರೆ. ಮಾತು ಅತಿಯಾದರೆ ಕೊಚ್ಚುತ್ತಾರೆ. ಹರಟೆಗಂತೂ ಹಾಳು, ಕಾಡು ಎಂಬ ವಿಶೇಷಣಗಳು ಬಾಗಿಲಲ್ಲೇ ಕಾದಿರುತ್ತವೆ. ನಾಲ್ಕು ಜನ ಕೆಲಸ ಬಿಟ್ಟು ಮಾತಿಗೆ ಕೂತರು ಎಂದರೆ ನಮ್ಮ ಭಾಷೆಗೆ ಒಳಗೊಳಗೇ ಏನೋ ಸಿಟ್ಟು, ದೊಣ್ಣೆ ಕತ್ತಿ ಇಲ್ಲದೆ ಅದನ್ನು ವರ್ಣಿಸಲಾರದು. ಲೋಕಾಭಿರಾಮವನ್ನು ಮಾತ್ರ ಯಾರೂ ಹೊಡೆಯುವುದಿಲ್ಲ. ಹಾಳು ಲೋಕಾಭಿರಾಮ ಎಂದು ಯಾರೂ ಬೈದದ್ದನ್ನು ನಾನು ಕೇಳಿಲ್ಲ. ಅದು ಒಂದು ಕೆಲಸವೂ ಅಲ್ಲ, ಒಂದು ರೀತಿ. ಲೋಕಾಭಿರಾಮವಾಗಿ ಮಾತನಾಡುತ್ತಾ ಕುಳಿತಿದ್ದರು ಎನ್ನುತ್ತೇವೆ. ಆ 'ಆಗಿ' ಇಲ್ಲದೆ ಪದಕ್ಕೆ ನಡೆಯಲು ಬರುವುದಿಲ್ಲ, ಆ 'ಕುಳಿತು' ಇಲ್ಲದೆ ಕೂರಲೂ ಬರುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಒಂದು ದಸರಾ ರಜೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಕಂಡಾಗ ಅರ್ಥವಾಗಿರಲಿಲ್ಲ ಎಂಬುದು ಬೇರೆ ಮಾತು.

ಬಂದವರು ಪಕ್ಕದ ಊರಿನವರು, ನಡೆದೇ ಬಂದಿದ್ದರು. ವರಸೆಯಲ್ಲಿ ನೆಂಟರಲ್ಲ. ನಮ್ಮ ಸೀಮೆಯಲ್ಲಿ ಅದೇನೂ ಅಡ್ಡಿಯಿಲ್ಲ, ಗಂಡಸರೆಲ್ಲ ಒಬ್ಬರಿಗೊಬ್ಬರು ಭಾವಂದಿರೇ. ಕಾಲಿಗೆ ನೀರು, ಬಾಯಿಗೆ ಬೆಲ್ಲ ನೀರು ಆಯಿತು. ಅಜ್ಜ ಕವಳದ ಹರಿವಾಣವನ್ನು ಇಬ್ಬರ ನಡುವೆ ಎಳೆದಿಟ್ಟ. ಮಾತು ಆರಿದ್ರೆ ಮಳೆಯಿಂದ ಹೊರಟಿತು. ಆರಿದ್ರೆ ಹದವಾಗಿತ್ತು, ಪುನರ್ವಸು ಬಿಡದೆ ಹೊಯ್ಯಿತು. ಅಲ್ಲಿಂದ ಯಾರದೋ ಮನೆಯ ಎಮ್ಮೆ ಕರು ಹಾಕಿದ್ದಕ್ಕೆ ಹೋಯಿತು, ಆ ಎಮ್ಮೆಯ ತಾಯಿ ಎಲ್ಲಿಯದು ಎಂಬ ಚರ್ಚೆಯಾಯಿತು. ಅಜ್ಜ ಎಲೆಯ ತೊಟ್ಟು ಮುರಿದು, ಬೆನ್ನನ್ನು ಪಂಚೆಗೆ ಒರೆಸಿ, ಸುಣ್ಣ ಹಚ್ಚುತ್ತಿದ್ದ. ಅಡಕತ್ತರಿ ಬಂದವರ ಕೈಯಲ್ಲಿತ್ತು. ಅವರು ಅಡಿಕೆಯನ್ನು ಬೇಕಾದ್ದಕ್ಕಿಂತ ಸಣ್ಣದಾಗಿ ಕತ್ತರಿಸುತ್ತಲೇ ಇದ್ದರು.

"ಪುಷ್ಯ ಮಳೆಯಲ್ಲಿ ಕೊನೆಗೌಡನೇ ಸಿಗಲಿಲ್ಲ ಭಾವ. ಎರಡನೇ ಸಲದ ಔಷಧಿ ತಪ್ಪಿಯೇ ಹೋಯಿತು."

ತೋಟದ ಮನೆಯವರಿಗೆ ಇದರಲ್ಲಿ ಎಲ್ಲವೂ ಇದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಾರದಿರಲು ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರ ಹತ್ತಿ ಒಂದೊಂದು ಕೊನೆಗೂ, ಅಂದರೆ ಅಡಿಕೆ ಗೊನೆಗೂ, ಹೊಡೆಯಬಲ್ಲ ಕೊನೆಗೌಡನಿಗೆ ಒಳ್ಳೆಯ ಕೂಲಿ ಕೊಡಬೇಕು. ಮೊದಲ ಸುತ್ತಿನದು ಮಳೆಗೆ ತೊಳೆದು ಹೋಗುವುದರಿಂದ ಎರಡನೆಯದು ತಪ್ಪುವಂತಿಲ್ಲ. ಕೊನೆಗೌಡ ಊರಿಗೆಲ್ಲ ಸಿಕ್ಕಿ ಒಬ್ಬರಿಗೆ ಮಾತ್ರ ಸಿಗಲಿಲ್ಲ ಎಂದರೆ ಅವನಿಗೆ ಹಿಂದಿನ ಬಾಕಿ ಇದೆ ಎಂದರ್ಥ. ಔಷಧಿ ತಪ್ಪಿತು ಎಂದರೆ ಈ ವರ್ಷದ ಕಾಯಿ ನೆಲಕ್ಕೆ ಬಿತ್ತು ಎಂದರ್ಥ.

ಅಜ್ಜ ಸುಣ್ಣದ ಬೆರಳನ್ನು ಹಾಗೇ ಹಿಡಿದುಕೊಂಡು, "ನಮ್ಮಲ್ಲೂ ಕೆಳಗಿನ ತೋಟಕ್ಕೆ ಬಂದಿದೆ. ಮೇಲಿನದು ಹೇಗೋ ಉಳಿದುಕೊಂಡಿದೆ" ಎಂದ. ಮತ್ತೆ ಮಾತು ಹೊರಳಿ ಯಕ್ಷಗಾನ ಮೇಳದ ತಿರುಗಾಟಕ್ಕೆ ಹೋಯಿತು. ಎರಡು ತಾಸು ಕಳೆದಿರಬೇಕು. ಅವರು ಎದ್ದರು, ಅಜ್ಜ ದಣಪೆಯವರೆಗೆ ಹೋದ, ನಾನು ಅಜ್ಜನ ಹಿಂದೆ. ದಣಪೆಯ ಒಂದು ಗಳು ಸರಿಸಿ, ಒಂದು ಕಾಲು ಆಚೆ ಇಟ್ಟು ಅವರು ತಿರುಗಿ ನಿಂತರು. "ಅಂದ ಹಾಗೆ ಭಾವ, ಮಗಳದು ಮಾಘದಲ್ಲಿ…"

ಅಜ್ಜ ಪೂರ್ತಿ ಹೇಳಗೊಡಲಿಲ್ಲ. "ನಾಡಿದ್ದು ಬನ್ನಿ" ಎಂದ. ಅಷ್ಟೇ.

ಇನ್ನೊಂದು ವರ್ಷ ಇನ್ನೊಬ್ಬರು ಬಂದರು. ಅದೇ ಹರಿವಾಣ, ಅದೇ ಮಳೆ. ಅಜ್ಜ ಮಾತಿನ ನಡುವೆ ಎರಡೂ ತೋಟ ತೊಳೆದು ಹೋದದ್ದನ್ನು ಹೇಳಿದ. ಬಂದವರು ಇನ್ನೊಂದು ಕವಳ ಹಾಕಿಕೊಂಡು, ಎಮ್ಮೆಯ ವಿಚಾರವನ್ನು ಇನ್ನಷ್ಟು ಮಾತನಾಡಿ, ಎದ್ದು ಹೋದರು. ದಣಪೆಯಲ್ಲಿ 'ಅಂದ ಹಾಗೆ' ಬರಲಿಲ್ಲ. ಅವರೂ ಸಾಲ ಕೇಳಲೆಂದೇ ಬಂದಿದ್ದರು ಎಂದು ಅಮ್ಮ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಅವರು ಕೇಳಲಿಲ್ಲ, ಆದ್ದರಿಂದ ಅಜ್ಜ ಇಲ್ಲ ಎನ್ನಲಿಲ್ಲ. ಮುಂದಿನ ವಾರ ಯಾರದೋ ಮನೆಯ ಸಮಾರಾಧನೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತು ಉಂಡರು.

ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಇದ್ದು ಬಂದವನು. ಹವಾಮಾನದ ಬಗ್ಗೆ, ಆರೋಗ್ಯದ ಬಗ್ಗೆ ಜನ ಆಡುವ ಇಂಥ ಮಾತಿಗೆ 1923ರಲ್ಲಿ ಶಾಸ್ತ್ರದಲ್ಲೇ ಒಂದು ಜಾಗ ಮಾಡಿಕೊಟ್ಟ. ಇಲ್ಲಿ ಮಾತಿನ ಅರ್ಥ ಮುಖ್ಯವಲ್ಲ, ಆಡಿದ್ದೇ ಮುಖ್ಯ, ಅದರಿಂದ ಬೆಸುಗೆ ಬೀಳುತ್ತದೆ ಎಂಬುದು ಅವನ ವಾದದ ಸಾರ. ದೊಡ್ಡವರ ಮಾತು, ಇರಲಿ. ಆದರೆ ನಮ್ಮ ಜಗುಲಿಗೆ ಅದು ಅರ್ಧ ಮಾತ್ರ ಒಪ್ಪುತ್ತದೆ. ಅಲ್ಲಿ ಪುಷ್ಯ ಮಳೆಗೆ ಅರ್ಥವಿತ್ತು, ಎಮ್ಮೆಗೂ ಅರ್ಥವಿತ್ತು. ಕೇಳಬೇಕಾದ್ದನ್ನು ಕೇಳದೆ, ಹೇಳಬೇಕಾದ್ದನ್ನು ಹೇಳದೆ, ಲೆಕ್ಕ ಮಾತ್ರ ಚುಕ್ತಾ ಆಗುತ್ತಿತ್ತು. ಲೋಕಕ್ಕೆ ಅಭಿರಾಮ ಎಂದರೆ ಯಾರ ಮುಖವೂ ಕೆಳಗಾಗದಂತೆ ಎಂದು ನಾನು ಓದಿಕೊಳ್ಳುತ್ತೇನೆ. ವ್ಯಾಕರಣದವರು ಒಪ್ಪದಿದ್ದರೆ ಬೇಡ.

ಹಾಗೆಂದು ಜಗುಲಿಯನ್ನು ಪೂರ್ತಿ ಹೊಗಳಿ ಕೂರಲಾರೆ. ಆ ಹರಿವಾಣದ ಸುತ್ತ ಕುಳಿತವರು ಯಾರು? ತೋಟ ಇದ್ದವರು, ಗಂಡಸರು. ಎರಡನೇ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ತನ್ನ ಬಾಕಿ ಕೇಳಲು ಬಂದರೆ ಅಂಗಳದಲ್ಲಿ ನಿಲ್ಲುತ್ತಿದ್ದ. ಅವನಿಗೆ ಅಜ್ಜ ಕೇಳುತ್ತಿದ್ದುದು ನಾನು ಮಾವನಿಗೆ ಕೇಳಿದ್ದನ್ನೇ: ಏನು ವಿಷಯ? ಇನ್ನು ಹೆಂಗಸರು. ಕೊಯ್ಲಿನ ಕಾಲದಲ್ಲಿ ರಾತ್ರಿ ಊಟವಾದ ಮೇಲೆ ಅಜ್ಜಿ, ಅತ್ತೆ, ನೆರೆಮನೆಯವರು ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದರು. ಸಿಪ್ಪೆಯ ರಾಶಿ ಏರಿದಂತೆ ಮಾತೂ ಏರುತ್ತಿತ್ತು. ಕೈ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಒಮ್ಮೆ ಅಜ್ಜ ಒಳಗಿನಿಂದ, "ಎಷ್ಟು ಹೊತ್ತು ನಿಮ್ಮ ಪಂಚಾಯ್ತಿಕೆ?" ಎಂದು ಕೂಗಿದ. ಅಜ್ಜಿ ಕತ್ತಿಯಿಂದ ಕಣ್ಣೆತ್ತದೆ ಅಂದಳು: "ಜಗುಲಿಯಲ್ಲಾದರೆ ಲೋಕಾಭಿರಾಮ, ಇಲ್ಲಾದರೆ ಲೋಕದ ಪಂಚಾಯ್ತಿಕೆ." ಸುಲಿಯುತ್ತಿದ್ದವರೆಲ್ಲ ನಕ್ಕರು. ಒಳಗಿನಿಂದ ಮತ್ತೆ ದನಿ ಬರಲಿಲ್ಲ.

ಈಗ ಈ ಪದ ಹೆಚ್ಚಾಗಿ ಕಾಣುವುದು ರಾಜಕೀಯದ ವರದಿಗಳಲ್ಲಿ. ನಾಯಕರು ಪತ್ರಕರ್ತರೊಂದಿಗೆ ಲೋಕಾಭಿರಾಮವಾಗಿ ಮಾತನಾಡುತ್ತಾ ಏನೋ ಅಂದುಬಿಡುತ್ತಾರೆ. ಮರುದಿನ ಗದ್ದಲವಾದರೆ, ಅದು ಲೋಕಾಭಿರಾಮದ ಮಾತು, ಅದಕ್ಕೆ ಅರ್ಥ ಕಲ್ಪಿಸಬೇಡಿ ಎನ್ನುತ್ತಾರೆ. ಕೆಲವರು ಲೋಕಾರೂಢಿಯಾಗಿ ಹೇಳಿದೆ ಎಂದು ಇನ್ನೊಂದು ಪದವನ್ನು ತಂದು ಇದರ ಜಾಗದಲ್ಲಿ ಕೂರಿಸುತ್ತಾರೆ. ಅಜ್ಜನ ಕಾಲದಲ್ಲಿ ಅರ್ಥವೆಲ್ಲ ಲೋಕಾಭಿರಾಮದಲ್ಲೇ ಇತ್ತು. ಈಗ ಅರ್ಥವಿಲ್ಲ ಎಂದು ಆಣೆ ಹಾಕಲು ಅದು ಬೇಕಾಗಿದೆ.

ನಾವಾದರೂ ಏನು ಮಹಾ. ಬಹಳ ದಿನದ ಮೇಲೆ ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಹೇಗಿದ್ದೀರಿ ಎಂದು ಕಳಿಸಿದರೆ ನನಗೆ ಮೊದಲು ಬರುವುದು ಅನುಮಾನ. ಚೆನ್ನಾಗಿದ್ದೇನೆ ಎಂದು ಬರೆದು, ಹೇಳಿ, ಏನು ವಿಷಯ ಎಂದು ಅದರ ಬಾಲಕ್ಕೇ ಕಟ್ಟುತ್ತೇನೆ. ಸಮಯ ಉಳಿಸುವ ಸೌಜನ್ಯ ಇದು ಎಂದು ನಂಬಿದ್ದೆ. ಹಳೆಯ ಕಾಗದಗಳಲ್ಲಿ 'ಉಭಯ ಕುಶಲೋಪರಿ ಸಾಂಪ್ರತ' ಎಂದು ಒಂದು ಸಾಲು ಇರುತ್ತಿತ್ತು, ಎರಡೂ ಕಡೆಯ ಕುಶಲವಾದ ಮೇಲೆ ಈಗಿನ ಸಂಗತಿ ಎಂದು. ಹದಿನೈದು ಪೈಸೆಯ ಕಾರ್ಡಿನಲ್ಲಿ ಜಾಗ ಅಷ್ಟು ಕಡಿಮೆ ಇದ್ದಾಗಲೂ ಆ ಸಾಲನ್ನು ಯಾರೂ ಬಿಡುತ್ತಿರಲಿಲ್ಲ.

ಶ್ರಾವಣದ ಒಂದು ಭಾನುವಾರ, ತಿಂಡಿ ಮುಗಿಸಿ, ಕುರ್ಚಿಯನ್ನು ಬಾಲ್ಕನಿಗೆ ಎಳೆದುಕೊಂಡು ಮಾವನಿಗೆ ಫೋನ್ ಮಾಡಿದೆ.

"ಏನು ವಿಷಯ?" ಎಂದ. ದನಿಯಲ್ಲಿ ಗಾಬರಿ ಇತ್ತು. ಭಾನುವಾರ ಬೆಳಿಗ್ಗೆ ನಾನು ಫೋನ್ ಮಾಡುವವನಲ್ಲ.

"ಏನಿಲ್ಲ ಮಾವ, ಸುಮ್ಮನೆ ಲೋಕಾಭಿರಾಮ."

"ಹಾಗಾದರೆ ತಡೆ" ಎಂದ. ಕುರ್ಚಿ ಎಳೆದ ಸದ್ದು, ಹರಿವಾಣ ಎಳೆದ ಸದ್ದು ಕೇಳಿಸಿತು. ಆಶ್ಲೇಷ ಮಳೆ ಜೋರಾಗಿದೆಯಂತೆ. ಎರಡನೇ ಔಷಧಿ ಆಯಿತಂತೆ, ಕೊನೆಗೌಡನ ಮಗ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನಂತೆ, ಇನ್ನು ಮರ ಹತ್ತುವವರು ಯಾರು ಎಂದು ಒಂದು ಸುತ್ತು ಚಿಂತೆಯಾಯಿತು. ಕೆರೆ ಕೋಡಿ ಬಿದ್ದದ್ದು, ಕೋಟೆ ಕಟ್ಟಿದ ಹಾಗೆ ಮನೆ ಕಟ್ಟಿಸುತ್ತಿರುವ ನೆರೆಯವರು, ಮಗಳ ಕನ್ನಡ ಪರೀಕ್ಷೆಯ ಅಂಕ. ಅವಳು ಕೇಳಿದ ಪ್ರಶ್ನೆಯನ್ನು ಹೇಳಿದೆ. ಮಾವ ಬಹಳ ಹೊತ್ತು ನಕ್ಕ. ನಲವತ್ತು ನಿಮಿಷ ದಾಟಿದ್ದನ್ನು ನಾನು ನೋಡಿದ್ದು ಕಿವಿ ಬಿಸಿಯಾದ ಮೇಲೆ.

"ಸರಿ ಹಾಗಾದರೆ, ಇಡಲಾ?" ಎಂದೆ.

"ಇಡು, ಇಡು" ಎಂದ ಮಾವ. ಇಡಲಿಲ್ಲ. "ಅಂದ ಹಾಗೆ, ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಜ್ಯೇಷ್ಠದಲ್ಲೇ ಹೇಳಿದ್ದರು. ಬೆಂಗಳೂರಿನಲ್ಲೇ ಮಾಡಿಸಿಕೊಂಡರೆ ಒಳ್ಳೆಯದಂತೆ. ನಿನಗೆ ಕೆಲಸ ಇರುತ್ತದೆ, ಗೊತ್ತಿದೆ, ಅದಕ್ಕೇ…"

"ನಾಡಿದ್ದು ಹೊರಟು ಬಾ" ಎಂದೆ. "ರಾತ್ರಿ ಬಸ್ಸಿಗೆ ಟಿಕೆಟ್ ನಾನೇ ಮಾಡುತ್ತೇನೆ. ಕೆಳಗಿನ ಬರ್ತ್ ಸಾಕಲ್ಲ?"